ರಿಪೋರ್ಟ್ ‘ನಾರ್ಮಲ್’, ಆದರೂ ಏದುಸಿರೇಕೆ?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಎತ್ತರ 152 ಸೆಂ.ಮೀ., ತೂಕ 86 ಕೆ.ಜಿ. ಬಿಪಿಗೆ ಎರಡು ಬಗೆಯ ಮಾತ್ರೆ. ಒಂದು ಮಹಡಿ ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಊದುತ್ತದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 60%. ಹೃದಯದ ಮೇಲಿನ ಒತ್ತಡ ತೋರುವ ರಕ್ತಪರೀಕ್ಷೆ ಎನ್‌ಟಿ-ಪ್ರೊಬಿಎನ್‌ಪಿ 110, ರಿಪೋರ್ಟಿನಲ್ಲಿ ‘125ರೊಳಗೆ ನಾರ್ಮಲ್’ ಎಂದಿದೆ. ಡಾಕ್ಟರು ಮಾತ್ರ ಹಾರ್ಟ್ ಫೇಲ್ಯೂರ್ ಇರಬಹುದು ಅನ್ನುತ್ತಾರೆ. ಯಾವುದನ್ನು ನಂಬುವುದು?
– ಓದುಗರು, ದಾವಣಗೆರೆ

ಉತ್ತರ: ಡಾಕ್ಟರ ಅನುಮಾನಕ್ಕೆ ಆಧಾರವಿದೆ. ಲ್ಯಾಬಿನ 125 ಎಲ್ಲರಿಗೂ ಒಂದೇ ಗೆರೆ, ಅದು ತೂಕ ನೋಡುವುದಿಲ್ಲ.

ಹೃದಯದ ಗೋಡೆ ಹಿಗ್ಗಿದಾಗ ಪ್ರೊಬಿಎನ್‌ಪಿ ಎಂಬ ಪ್ರೋಟೀನ್ ತಯಾರಾಗಿ ಎರಡು ತುಂಡಾಗುತ್ತದೆ. ಉಪ್ಪು-ನೀರನ್ನು ಮೂತ್ರದಲ್ಲಿ ಹೊರಹಾಕಿಸುವುದು ಬಿಎನ್‌ಪಿ; ಜೊತೆಯ ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಕೊಬ್ಬಿನ ಕೋಶಗಳ ಮೇಲೆ ಬಿಎನ್‌ಪಿಯನ್ನು ಹಿಡಿದು ನುಂಗುವ ಗ್ರಾಹಕಗಳಿವೆ. ಎನ್‌ಟಿ-ಪ್ರೊಬಿಎನ್‌ಪಿ ಅವುಗಳಿಗೆ ಸಿಗದು, ಆದರೂ ಬೊಜ್ಜಿರುವವರಲ್ಲಿ ಅದೂ ಕಡಿಮೆಯೇ. ಅಂದರೆ ಉತ್ಪತ್ತಿಯೇ ತಗ್ಗಿರುತ್ತದೆ. ಹೃದಯದ ಸುತ್ತ ಕೂತ ಕೊಬ್ಬು ಹೊರಗಿನಿಂದ ಒತ್ತುವುದರಿಂದ, ಒಳಗೆ ಒತ್ತಡ ಏರಿದ್ದರೂ ಗೋಡೆ ಅಷ್ಟು ಹಿಗ್ಗುವುದಿಲ್ಲ ಎಂಬುದು ಒಂದು ಕಾರಣ.

ನಿಮ್ಮ ತಾಯಿಯ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 37. ಯುರೋಪಿನ ಹೃದಯ ತಜ್ಞರ 2023ರ ಸಲಹೆಯಂತೆ ಬಿಎಂಐ 30–35 ಇದ್ದರೆ ಗೆರೆಯನ್ನು 25%, 35–40 ಇದ್ದರೆ 30%, ಅದಕ್ಕೂ ಮೇಲಾದರೆ 40% ಇಳಿಸಬೇಕು. 125ರಲ್ಲಿ 30% ಕಳೆದರೆ ಉಳಿಯುವುದು ಸುಮಾರು 88. ಈ ಲೆಕ್ಕಕ್ಕೆ 110 ನಾರ್ಮಲ್ ಅಲ್ಲ. ಹಾಗೆಂದು ಇಷ್ಟರಿಂದಲೇ ಕಾಯಿಲೆ ಖಚಿತವೂ ಅಲ್ಲ.

ಇಎಫ್ 60% ಎಂದು ಸಮಾಧಾನ ಪಡಬೇಡಿ. ಅದು ಹೃದಯ ಹಿಂಡುವ ಬಲ ಮಾತ್ರ, ಸಡಿಲಗೊಂಡು ತುಂಬಿಕೊಳ್ಳುವ ಗುಣವಲ್ಲ. ಎಕೋ ರಿಪೋರ್ಟಿನಲ್ಲಿ ಇ/ಇ-ಪ್ರೈಮ್ (ಹೃದಯ ತುಂಬಿಕೊಳ್ಳುವಾಗಿನ ಒತ್ತಡದ ಅಂದಾಜು), ಎಡ ಹೃತ್ಕರ್ಣದ ಗಾತ್ರ, ಶ್ವಾಸಕೋಶದ ಧಮನಿಯ ಒತ್ತಡ ಇವು ಮೂರೂ ಇವೆಯೇ ನೋಡಿ. ಇಲ್ಲದಿದ್ದರೆ ಕೇಳಿ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್ ಕೂಡ ಬೇಕು. ಬಿಪಿ ಮಾತ್ರೆಗಳಲ್ಲಿ ಆಮ್ಲೋಡಿಪಿನ್ ಇದ್ದರೆ ಕಾಲೂತ ಅದರಿಂದಲೂ ಬರಬಹುದು. ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ನನಗೆ ಹಾರ್ಟ್ ಫೇಲ್ಯೂರ್ ಇದೆ. ತೂಕ ಇಳಿಸಿದ ಮೇಲೆ ಬಿಎನ್‌ಪಿ ಏರಿದೆ. ಹೃದಯ ಕೆಟ್ಟಿತೇ?
– ಓದುಗರು, ಶಿರಸಿ

ಉತ್ತರ: ಹಾಗೇ ಆಗಬೇಕೆಂದಿಲ್ಲ. ಬೊಜ್ಜು ಬಿಎನ್‌ಪಿಯನ್ನು ತಗ್ಗಿಸಿಡುತ್ತದೆ; ಹಾಗಾಗಿ ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ಹೃದಯ ಸುಧಾರಿಸಿದವರಲ್ಲೂ ಇದು ಏರುವುದುಂಟು. ಮೊದಲು ಎರಡೂ ಸಲ ಮಾಡಿದ್ದು ಒಂದೇ ಪರೀಕ್ಷೆಯೇ ಎಂದು ನೋಡಿ. ಬಿಎನ್‌ಪಿ, ಎನ್‌ಟಿ-ಪ್ರೊಬಿಎನ್‌ಪಿ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಂತಿಲ್ಲ. ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಎಂಬ ಹಾರ್ಟ್ ಫೇಲ್ಯೂರ್ ಮಾತ್ರೆ ಶುರು ಮಾಡಿದ್ದರೆ ಬಿಎನ್‌ಪಿ ಆ ಮಾತ್ರೆಯಿಂದಲೇ ಏರಬಹುದು. ಅಂಥವರಿಗೆ ಎನ್‌ಟಿ-ಪ್ರೊಬಿಎನ್‌ಪಿಯೇ ಸರಿ. ದಿನಾ ಬೆಳಿಗ್ಗೆ ಮೂತ್ರ ಮಾಡಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ನೀರು. ಮುಂದಿನ ರಕ್ತಪರೀಕ್ಷೆಗೆ ಕಾಯದೆ ಅಂದೇ ಡಾಕ್ಟರನ್ನು ಕಾಣಿ.