ಕಾರಿನ ಎರಡನೇ ವರ್ಷದ ಸರ್ವಿಸ್‌ಗೆ ₹14,500 ಎಸ್ಟಿಮೇಟ್ ಸರಿಯಾ? ಎಸಿಯಲ್ಲಿ ಮುಗ್ಗಲು ವಾಸನೆಯೂ ಬರ್ತಿದೆ.

18,000 ಕಿ.ಮೀ. ಓಡಿದ ಪೆಟ್ರೋಲ್ ಗಾಡಿಗೆ ಅಷ್ಟು ಅಂದ್ರೆ ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇಲ್ಲದ ಉಪಚಾರ ಸೇರಿಸಿರೋ ಸಾಧ್ಯತೆಯೇ ಹೆಚ್ಚು: ಎಂಜಿನ್ ಫ್ಲಶ್ (ಎಂಜಿನ್ ಒಳಗೆ ತೊಳೆಯೋದು), ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡೋ ಭಾಗ) ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್ (ಗಾಡಿಯ ತಳಕ್ಕೆ ತುಕ್ಕು ತಡೆಯೋ ಲೇಪ). ಮೊದಲು ಒಂದೊಂದು ಐಟಂ ಬಿಡಿಸಿದ ಎಸ್ಟಿಮೇಟ್ ವಾಟ್ಸಾಪ್‌ಗೆ ಹಾಕಿಸ್ಕೊಳ್ಳಿ. ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿ ಜತೆ ಹೋಲಿಸಿ, ಅಲ್ಲಿ ಇಲ್ಲದ್ದನ್ನು ಬೇಡ ಅಂತ ಜಾಬ್ ಕಾರ್ಡ್‌ನಲ್ಲೇ (ಗಾಡಿ ಬಿಡುವಾಗ ಕೆಲಸ ಬರೆದುಕೊಳ್ಳೋ ಚೀಟಿ) ಬರೆಸಿ. ಬಾಯಲ್ಲಿ ಹೇಳಿದ್ದು ಬಿಲ್ ಹೊತ್ತಿಗೆ ಮರೆತಿರುತ್ತೆ.

ಆಯಿಲ್, ಆಯಿಲ್ ಫಿಲ್ಟರ್ ಬಿಡೋ ಹಾಗಿಲ್ಲ. ಬ್ರೇಕ್ ಫ್ಲೂಯಿಡ್ ಕೂಡ. ವಾರ ವಾರ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳೀತೀನಿ ಅಂದಿದ್ದೀರಲ್ಲ, ಆ ಫ್ಲೂಯಿಡ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ತಿರುವುಗಳಲ್ಲಿ ಬ್ರೇಕ್ ಕಾದಾಗ ತೇವ ಸೇರಿದ ಫ್ಲೂಯಿಡ್ ಬೇಗ ಕುದ್ದು ಪೆಡಲ್ ಮೆತ್ತಗಾಗುತ್ತೆ, ಬ್ರೇಕ್ ಸರಿಯಾಗಿ ಹಿಡಿಯಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸ್ತಾರೆ.

ಎಸಿಯ ಮುಗ್ಗಲು ವಾಸನೆಗೆ ಬಹುಶಃ ಕ್ಯಾಬಿನ್ ಫಿಲ್ಟರೇ (ಗಾಡಿ ಒಳಗಿನ ಗಾಳಿ ಸೋಸೋ ಫಿಲ್ಟರ್) ಕಾರಣ. ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಕಳಚಿದ್ರೆ ಹಿಂದೆಯೇ ಸಿಗುತ್ತೆ, ನೀವೇ ಬದಲಿಸಬಹುದು. ಹೋದ ಮಳೆಗಾಲ ನನ್ನದರಲ್ಲಿ ಇಲಿ ಅಡಿಕೆ ಸಿಪ್ಪೆ ತುಂಬಿ ಸಂಸಾರ ಹೂಡಿತ್ತು! ವೈಪರ್ ಬುಡದ ಜಾಲರಿಯಲ್ಲಿ ಕೊಳೆತ ಎಲೆ ಇದ್ರೆ ಅದನ್ನೂ ತೆಗೀರಿ, ನೀರು ಒಳಗೆ ಬರೋದು ಅಲ್ಲಿಂದ್ಲೇ.

ಕೋಟಿಂಗ್ ನಮ್ಮ ಮಳೆಗೆ ದಂಡ ಅನ್ನಲ್ಲ, ಆದ್ರೆ ಬೇಸಿಗೆಯಲ್ಲಿ ತಳ ಪೂರ್ತಿ ಒಣಗಿದ ಮೇಲೆ ಮಾಡಿಸಿ.