ಕೋಷ್ಟಕದ ಅಂಕಿಯೂ ಬಸ್ಸಾರಿನ ಕಟ್ಟೂ

ಮಂಡ್ಯದಿಂದ ಬರೆದಿರುವ ಓದುಗರಾದ ತಾಯಿಯವರಿಗೆ ನಮಸ್ಕಾರ.

ತಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗೂ ತಿಳಿಯಲೆಂದು ಅದರ ಸಾರವನ್ನು ಇಲ್ಲಿ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ಬೀಡಿ ಸೇದುತ್ತಿರುವ ತಮ್ಮ ಯಜಮಾನರಿಗೆ, ಪರಿಚಯದವರೊಬ್ಬರ ಮಾತಿನ ಮೇಲೆ, ಬೀಟಾ ಕ್ಯಾರೋಟಿನ್ (ಹಳದಿ ತರಕಾರಿ, ಹಸಿರು ಸೊಪ್ಪುಗಳಲ್ಲಿರುವ ಒಂದು ವಸ್ತು) ಮತ್ತು ವಿಟಮಿನ್ ಇ ಇರುವ ಮಾತ್ರೆಗಳನ್ನು ಮೂರು ತಿಂಗಳಿಂದ ಕೊಡುತ್ತಿದ್ದೀರಿ. ನಮ್ಮ ಕಳೆದ ಸಂಚಿಕೆಯಲ್ಲಿ ಹಣ್ಣು, ತರಕಾರಿ, ಮಸಾಲೆಗಳ ಆಂಟಿಆಕ್ಸಿಡೆಂಟ್ ಶಕ್ತಿಯನ್ನು, ಅಂದರೆ ಆಮ್ಲಜನಕದಿಂದ ಆಗುವ ಕೆಡುಕನ್ನು ತಡೆಯುವ ಗುಣವನ್ನು, ಅಂಕಿಗಳಲ್ಲಿ ತೋರಿಸಿದ್ದ ಕೋಷ್ಟಕವನ್ನು ನೋಡಿ, ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದಾದರೆ ಮಾತ್ರೆಯೇ ಮೇಲಲ್ಲವೆ, ದಿನವೂ ಮಾಡುವ ಸೊಪ್ಪಿನ ಸಾರಿಗೆ ಏನು ಬೆಲೆ ಎಂದು ಕೇಳಿದ್ದೀರಿ.

ತುರ್ತಾದ ಮಾತನ್ನು ಮೊದಲು ಹೇಳಬೇಕು. ಯಜಮಾನರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಡುವುದನ್ನು ದಯವಿಟ್ಟು ನಿಲ್ಲಿಸಿ, ಆ ಡಬ್ಬಿಯನ್ನು ತೆಗೆದುಕೊಂಡು ಹೋಗಿ ತಮ್ಮ ವೈದ್ಯರಿಗೆ ತೋರಿಸಿ. ಇದು ನನ್ನ ಅಂಜಿಕೆಯ ಮಾತಲ್ಲ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದವರ ಮೇಲೆ ನಡೆಯುತ್ತಿದ್ದ ಇನ್ನೊಂದು ಪರೀಕ್ಷೆಯಲ್ಲೂ ಅದೇ ಕೇಡು ಕಂಡುಬಂದು, 1996ರಲ್ಲಿ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಈ ಪರೀಕ್ಷೆಗಳನ್ನು ಕೈಗೊಂಡವರು ಒಳ್ಳೆಯ ನಂಬಿಕೆಯಿಂದಲೇ ಹೊರಟಿದ್ದರು. ಹಳದಿ ತರಕಾರಿ, ಹಸಿರು ಸೊಪ್ಪು ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಇರುವುದನ್ನು ಕಂಡು, ಅದರೊಳಗಿನ ಒಂದು ವಸ್ತುವನ್ನು ಮಾತ್ರ ಹೊರತೆಗೆದು ಕೊಟ್ಟರೆ ಅದೇ ಫಲ ಸಿಕ್ಕೀತೆಂದು ಭಾವಿಸಿದ್ದರು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾಗಿ ಸೇರಿದ ಬೀಟಾ ಕ್ಯಾರೋಟಿನ್ ತಾನೇ ಕೆಟ್ಟು, ಹಾನಿಕರ ವಸ್ತುಗಳಾಗಿ ಒಡೆಯುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಕ್ಯಾರೆಟ್ಟನ್ನೋ ಸಿಹಿಗುಂಬಳವನ್ನೋ ತಿನ್ನುವುದಕ್ಕೆ ಈ ಭಯ ಬೇಕಿಲ್ಲ.

ಇನ್ನು ನಮ್ಮ ಕೋಷ್ಟಕದ ವಿಷಯ. ಅದನ್ನು ಹಾಗೆ ಅಚ್ಚು ಹಾಕಿದ್ದು ನಮ್ಮ ತಪ್ಪು. ಅಲ್ಲಿದ್ದ ಅಂಕಿಗಳು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅಳೆದವು; ಮನುಷ್ಯನ ದೇಹದಲ್ಲಿ ಅಳೆದವಲ್ಲ. ಇಂಥದೇ ಒಂದು ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಹಿಂದೆ ಪ್ರಕಟಿಸಿತ್ತು. ಆ ಅಂಕಿಗಳಿಗೂ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ತೋರಿಸಲಾಗದೆ, ಮಾರಾಟಗಾರರು ಮಾತ್ರ ಅವನ್ನು ಬಳಸಿಕೊಳ್ಳುತ್ತಿದ್ದುದರಿಂದ, 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದನ್ನು ತಿಳಿದೂ ಎಚ್ಚರಿಕೆಯ ಒಂದು ಸಾಲನ್ನು ಸೇರಿಸದೆ ಹೋದೆವು.

ನಳಿಕೆಯ ಮಾತು ದೇಹಕ್ಕೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿಟ್ಟ ಈರನಗೆರೆ ಬದನೆ ಕಪ್ಪಾಗುವುದನ್ನೂ ಹಳೆಯ ಎಣ್ಣೆ ಕಮಟು ಹಿಡಿಯುವುದನ್ನೂ ತಾವು ದಿನವೂ ನೋಡುತ್ತೀರಿ. ಎರಡೂ ಆಮ್ಲಜನಕದ ಕೆಲಸ. ಉಸಿರಾಟದ ಆಮ್ಲಜನಕದಿಂದ ನಮ್ಮ ಜೀವಕೋಶಗಳಲ್ಲೂ ಫ್ರೀ ರ‍್ಯಾಡಿಕಲ್ ಎಂಬ, ಒಂದು ಎಲೆಕ್ಟ್ರಾನಿಗಾಗಿ ಪಕ್ಕದ ಅಣುವಿನ ಮೇಲೆ ಎರಗುವ ಕಣಗಳು ಹುಟ್ಟುತ್ತವೆ. ವಿಟಮಿನ್ ಸಿ, ವಿಟಮಿನ್ ಇ ಮತ್ತು ಗಿಡಗಳ ಪಾಲಿಫಿನಾಲುಗಳು ತಮ್ಮ ಎಲೆಕ್ಟ್ರಾನನ್ನು ಕೊಟ್ಟು ಅವನ್ನು ತಣಿಸಬಲ್ಲವು. ಜೀವಕೋಶದ ಪೊರೆಯಲ್ಲಿ ಹೀಗೆ ಖರ್ಚಾದ ವಿಟಮಿನ್ ಇಗೆ ವಿಟಮಿನ್ ಸಿ ಮತ್ತೆ ಎಲೆಕ್ಟ್ರಾನ್ ಒದಗಿಸುತ್ತದೆ. ಆದರೆ ಈ ಕಣಗಳು ಬರಿಯ ಶತ್ರುಗಳಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇವನ್ನೇ ತಯಾರಿಸುತ್ತವೆ. ವ್ಯಾಯಾಮ ಮಾಡಿದಾಗ ಇವು ಹೆಚ್ಚುವುದೇ ಸ್ನಾಯುಗಳಿಗೆ ಬಲಗೊಳ್ಳುವ ಸೂಚನೆ. ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿಯನ್ನು ವಿಟಮಿನ್ ಇ ಜೊತೆ ಕೊಟ್ಟಾಗ ವ್ಯಾಯಾಮದಿಂದ ಇನ್ಸುಲಿನ್ ಕೆಲಸಕ್ಕೆ ಆಗಬೇಕಾದ ಲಾಭ ತಪ್ಪಿಹೋದದ್ದನ್ನು 2009ರ ಜರ್ಮನಿಯ ಅಧ್ಯಯನವೊಂದು ತೋರಿಸಿತು. ಸಾಲದ್ದಕ್ಕೆ, ಪಾಲಿಫಿನಾಲುಗಳಲ್ಲಿ ಬಹುಪಾಲು ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ. ಸೇರಿದ್ದನ್ನೂ ಯಕೃತ್ತು ಬೇಗ ರೂಪ ಬದಲಿಸಿ ಹೊರಗೆ ಕಳಿಸುತ್ತದೆ.

ಹಾಗಾದರೆ ಸೊಪ್ಪಿನ ಸಾರಿಗೆ ಬೆಲೆ ಇಲ್ಲವೆ ಎಂದಿರಿ. ಅಮ್ಮ, ತಾವು ಮಾಡುವ ಬಸ್ಸಾರನ್ನೇ ನೋಡಿ. ಸೊಪ್ಪನ್ನು ಬೇಯಿಸಿದಾಗ ನೀರಿನಲ್ಲಿ ಕರಗುವ ವಿಟಮಿನ್ ಸಿ, ಫೋಲೇಟ್, ಪಾಲಿಫಿನಾಲುಗಳು ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಇವೂ ಹೋದಂತೆ. ನಮ್ಮ ಕಡೆಯ ಅಡುಗೆಯಲ್ಲಿ ಕಾಳು, ಸೊಪ್ಪು ಬೆಂದ ಕಟ್ಟನ್ನು ಬಸಿದು ಅದನ್ನೇ ಸಾರು ಮಾಡುತ್ತೇವೆ. ಕಾವಿಗೆ ವಿಟಮಿನ್ ಸಿಯ ಒಂದು ಪಾಲು ನಾಶವಾಗುವುದು ನಿಜ, ಆದರೆ ನೀರಿಗೆ ಇಳಿದದ್ದು ಮಾತ್ರ ತಟ್ಟೆಗೇ ಬರುತ್ತದೆ. ಬಸಿದು ಉಳಿದ ಸೊಪ್ಪು, ಕಾಳಿಗೆ ಎಣ್ಣೆಯ ಒಗ್ಗರಣೆ ಹಾಕಿ, ಕಾಯಿತುರಿ ಬೆರೆಸಿ ಪಲ್ಯ ಮಾಡುತ್ತೀರಲ್ಲ, ಕೊಬ್ಬಿನಲ್ಲಿ ಮಾತ್ರ ಕರಗುವ ಬೀಟಾ ಕ್ಯಾರೋಟಿನ್, ಅದೇ ಜಾತಿಯ ಲ್ಯೂಟಿನ್‌ಗಳು ಮೈಗೆ ಹತ್ತುವುದಕ್ಕೆ ಆ ಎಣ್ಣೆಯೇ ಬೇಕು. ಇದನ್ನು ಯಾವ ಕೋಷ್ಟಕವೂ ಅಳೆಯಲಿಲ್ಲ. ಮೇಲೆ ಹಿಂಡುವ ನಿಂಬೆಹಣ್ಣಿನ ವಿಟಮಿನ್ ಸಿ, ತನ್ನ ಎಲೆಕ್ಟ್ರಾನ್ ಕೊಡುವ ಗುಣದಿಂದಲೇ, ಸೊಪ್ಪಿನ ಮತ್ತು ರಾಗಿಯ ಕಬ್ಬಿಣಾಂಶವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ.

ರಾಗಿಯ ಮಾತು ಬಂದದ್ದರಿಂದ ಒಂದು ಎಚ್ಚರ. 1950ರಿಂದ ನಮ್ಮ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ರಾಗಿಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ರಾಗಿಯ ಪಾಲಿಫಿನಾಲುಗಳು ಹೆಚ್ಚಾಗಿ ಇರುವುದು ಅದರ ಕೆಂಪು ಸಿಪ್ಪೆಯಲ್ಲಿ. ನಳಿಕೆಯಲ್ಲಿ ಒಳ್ಳೆಯ ಆಂಟಿಆಕ್ಸಿಡೆಂಟಾಗಿ ಕಾಣುವ ಅದೇ ಪಾಲಿಫಿನಾಲು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಟೀ ಕೂಡ ಹಾಗೆಯೇ. ತಮ್ಮ ಮನೆಯಲ್ಲಿ ರಕ್ತಹೀನತೆ ಇರುವವರಿದ್ದರೆ ಮುದ್ದೆ ಉಂಡ ಕೂಡಲೆ ಟೀ ಕುಡಿಯದಿರುವುದು, ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸುವುದು ಮೇಲು.

ವಿಟಮಿನ್ ಇ ಕುರಿತು ಹೇಳುವುದಾದರೆ, 2012ರಲ್ಲಿ 78 ಪರೀಕ್ಷೆಗಳನ್ನು, ಸುಮಾರು 2,97,000 ಜನರ ವಿವರವನ್ನು ಒಟ್ಟಿಗೆ ಪರಿಶೀಲಿಸಿದ ಸಮೀಕ್ಷೆಯಲ್ಲಿ ಈ ಮಾತ್ರೆಗಳಿಂದ ಆಯುಷ್ಯ ಹೆಚ್ಚುವುದು ಕಂಡುಬರಲಿಲ್ಲ. ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಇ ತೆಗೆದುಕೊಂಡವರಲ್ಲಿ ಸಾವು ತುಸು ಹೆಚ್ಚೇ ಇತ್ತು. ಯಜಮಾನರು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ವಿಟಮಿನ್ ಇ ಜೊತೆಗೆ ರಕ್ತಸ್ರಾವದ ಅಪಾಯವೂ ಉಂಟು. ಇದನ್ನು ವೈದ್ಯರಿಗೆ ಮರೆಯದೆ ಹೇಳಿ. ವಯಸ್ಸಾದವರ ಅಕ್ಷಿಪಟಲದ ಒಂದು ಕಾಯಿಲೆಗೆ ಕಣ್ಣಿನ ವೈದ್ಯರು ಬರೆದುಕೊಡುವ ವಿಟಮಿನ್ ಮತ್ತು ಸತುವಿನ ಮಾತ್ರೆ ಬೇರೆ ಸಂಗತಿ, ಅದಕ್ಕೆ ಆಧಾರವಿದೆ. ಅದರಲ್ಲೂ ಧೂಮಪಾನಿಗಳಿಗಾಗಿ ಬೀಟಾ ಕ್ಯಾರೋಟಿನ್ ಬದಲು ಲ್ಯೂಟಿನ್ ಇರುವ ಮಾತ್ರೆ ಬಂದಿದೆ.

ಯಜಮಾನರಿಗೆ ಏನು ಕೊಡಲಿ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೊಗೆ ದೇಹದ ವಿಟಮಿನ್ ಸಿಯನ್ನು ಬೇಗ ಖರ್ಚು ಮಾಡುವುದರಿಂದ ಅವರಿಗೆ ಅದು ಬೇರೆಯವರಿಗಿಂತ ಹೆಚ್ಚು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕ ಗಂಡಸರಿಗೆ ನಿಗದಿ ಮಾಡಿದ್ದು ದಿನಕ್ಕೆ 80 ಮಿಲಿಗ್ರಾಂ. ಸೇದುವವರಿಗೆ ಇನ್ನೂ 35 ಸೇರಿಸಿಕೊಳ್ಳಬಹುದು. ಒಂದೆರಡು ಹಸಿ ನೆಲ್ಲಿಕಾಯಿಯೋ ಒಂದು ಸೀಬೆಹಣ್ಣೋ ಅದನ್ನು ಪೂರೈಸುತ್ತದೆ. ಬೀಡಿ ಬಿಡಲು ಅವರು ಮನಸ್ಸು ಮಾಡಿದ ದಿನ 1800-11-2356 ಎಂಬ ಸರ್ಕಾರದ ಉಚಿತ ಸಹಾಯವಾಣಿಗೆ ಕರೆ ಮಾಡಿಸಿ. ನಮ್ಮ ಕೋಷ್ಟಕದ ತಿದ್ದುಪಡಿ, ಅದು ಅಚ್ಚಾಗಿದ್ದ ಪುಟದಲ್ಲೇ, ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಸಂಪಾದಕ
ಮೈಸೂರು