ವಾಣಿಜ್ಯ ಪದವಿಯಿಲ್ಲದೆ ಹಣಕಾಸು ಸುದ್ದಿವಾಹಿನಿಯ ನಿರೂಪಕರಾಗಬಹುದೇ?

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮುಗಿಸಿದವರಿಗೆ ಷೇರುಪೇಟೆಯ ಸುದ್ದಿ ನಿರೂಪಿಸುವ ಅವಕಾಶ ಸಿಕ್ಕೀತೇ ಎಂದು ಕೇಳಿದ್ದೀರಿ. ಖಂಡಿತ ಸಿಗಬಹುದು, ಪದವಿಯ ವಿಷಯ ಇಲ್ಲಿ ಅಷ್ಟಾಗಿ ಅಡ್ಡಬರುವುದಿಲ್ಲ.

ಇಂಗ್ಲಿಷ್ ಹಣಕಾಸು ಸುದ್ದಿವಾಹಿನಿ ಸಿಎನ್‌ಬಿಸಿ-ಟಿವಿ18ರ ಶೆರೀನ್ ಭಾನ್ ಅವರು ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿದ್ದು ತತ್ತ್ವಶಾಸ್ತ್ರ. ಪುಣೆ ವಿಶ್ವವಿದ್ಯಾಲಯದಲ್ಲಿ ಸಂವಹನ ವಿಷಯದ ಸ್ನಾತಕೋತ್ತರ ಪದವಿ ಪಡೆದು, ಟಿವಿ ಪತ್ರಕರ್ತ ಕರಣ್ ಥಾಪರ್ ಅವರ ನಿರ್ಮಾಣ ಸಂಸ್ಥೆಯಲ್ಲಿ ಕೆಲಸ ಮಾಡಿ, ಬಳಿಕ ಆ ವಾಹಿನಿಯನ್ನು ಸೇರಿದ ಅವರು, ನವೋದ್ಯಮಿಗಳನ್ನು ಪರಿಚಯಿಸುವ ‘ಯಂಗ್ ಟರ್ಕ್ಸ್’ ಕಾರ್ಯಕ್ರಮದಿಂದ ಹೆಸರು ಗಳಿಸಿ, 2013ರಲ್ಲಿ ಉದಯನ್ ಮುಖರ್ಜಿಯವರ ನಂತರ ವ್ಯವಸ್ಥಾಪಕ ಸಂಪಾದಕಿಯಾದರು. ಮುದ್ರಣ ಮಾಧ್ಯಮದ ಸುಚೇತಾ ದಲಾಲ್ (1992ರಲ್ಲಿ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣವನ್ನು ಬಯಲಿಗೆಳೆದವರು) ಸಂಖ್ಯಾಶಾಸ್ತ್ರ ಓದಿದ್ದು ನಮ್ಮ ಧಾರವಾಡದಲ್ಲೇ.

ಕಷ್ಟವಿರುವುದು ನೇರಪ್ರಸಾರದಲ್ಲಿ. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆದೊಡನೆ ಪರದೆಯ ಮೇಲೆ ಅಂಕಿಗಳು ಓಡುತ್ತಿರುತ್ತವೆ, ಕಿವಿಯಲ್ಲಿ ನಿರ್ಮಾಪಕರ ಸೂಚನೆ ಕೇಳುತ್ತಿರುತ್ತದೆ, ಎದುರಿನ ವಿಶ್ಲೇಷಕರು ಜಾರಿಕೊಳ್ಳುವ ಉತ್ತರ ಕೊಡುತ್ತಿರುತ್ತಾರೆ. ಇಷ್ಟರ ನಡುವೆ ಸರಿಯಾದ ಮರುಪ್ರಶ್ನೆ ಹೊಳೆಯಬೇಕು. ಕಂಪನಿಗಳ ತ್ರೈಮಾಸಿಕ ಫಲಿತಾಂಶವನ್ನು ಓದಿ ಅರ್ಥಮಾಡಿಕೊಳ್ಳುವ ರೂಢಿಯಿಲ್ಲದವರಿಗೆ ಅದು ಹೊಳೆಯುವುದಿಲ್ಲ. ಒಳ್ಳೆಯ ಧ್ವನಿಗೆ ಜನ ಅತಿಯಾದ ಬೆಲೆ ಕೊಡುತ್ತಾರೆ ಎಂಬುದು ನನ್ನ ಅನಿಸಿಕೆ.

ಅಭ್ಯಾಸಕ್ಕೆ ನಮ್ಮೂರ ಅಡಿಕೆಯೇ ಸಾಕು. 2023ರಲ್ಲಿ ಕೇಂದ್ರ ಸರ್ಕಾರವು ಅಡಿಕೆಯ ಕನಿಷ್ಠ ಆಮದು ದರವನ್ನು (ಇದಕ್ಕಿಂತ ಅಗ್ಗದ ಅಡಿಕೆಯ ಆಮದನ್ನು ತಡೆಯುವ ಮಿತಿ) ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತಲ್ಲ, ಅದರಿಂದ ಬದಿಯಡ್ಕದ ಬೆಳೆಗಾರನಿಗೆ ಏನಾಯಿತು, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಖರೀದಿ ದರ ಹೇಗೆ ಬದಲಾಯಿತು ಎಂಬುದನ್ನು ಎರಡು ನಿಮಿಷದಲ್ಲಿ, ಚೀಟಿ ನೋಡದೆ, ಮೊಬೈಲ್ ಕ್ಯಾಮೆರಾದ ಮುಂದೆ ಹೇಳಿ ನೋಡಿ.